ಕಡಲಂಚಿನ ಕೇರಿಯಲ್ಲಿ ಹೋಟೆಲನ್ನು ಆರಿಸುವ ಬಗೆ

ನಮ್ಮ ಕಡೆ ‘ಹೋಟೆಲು’ ಎಂದರೆ ಇಡ್ಲಿ, ಕಾಫಿ ಸಿಕ್ಕುವ ಜಾಗ. ರಾತ್ರಿ ಮಲಗುವ ಜಾಗಕ್ಕೆ ‘ಲಾಡ್ಜು’ ಎನ್ನುತ್ತೇವೆ. ಒಂದೇ ಸೂರಿನಡಿ ಎರಡೂ ಇದ್ದು, ಅದರ ಮೇಲೆ ಇನ್ನೇನೋ ಇದೆಯೆಂದು ದೊಡ್ಡ ಹಣ ಕೇಳುವ ಕಟ್ಟಡಗಳ ವಿಚಾರವನ್ನು ನಾನು ತಿಳಿದುಕೊಂಡದ್ದು ತಡವಾಗಿ. ನನ್ನ ಸೋದರಮಾವನನ್ನು ಎರಡು ಸಲ ಮುಂಬಯಿಗೆ ಕರೆದುಕೊಂಡು ಹೋದಾಗ. ಮೊದಲನೆಯ ಸಲ ಆರಿಸುವುದರಲ್ಲಿ ತಪ್ಪಿದೆ. ಎರಡನೆಯ ಸಲ ತಪ್ಪಬಾರದೆಂದು, ಭೂಗೋಳ ಕಲಿಸುವವನಿಗೆ ಒಪ್ಪುವ ಹಾಗೆ ನಕಾಶೆ, ಗಾಳಿ, ಚರಿತ್ರೆ ಎಲ್ಲವನ್ನೂ ಮುಂದಿಟ್ಟುಕೊಂಡು ಕುಳಿತೆ. ಐಷಾರಾಮದ ಹೋಟೆಲಿಗೂ ಸರಕಾರಿ ಕಾಲೇಜಿನ ವಿದ್ಯಾರ್ಥಿಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನಿಮ್ಮಲ್ಲಿ ಹಲವರು ನಾಳೆ ಇಂಥ ಕಟ್ಟಡಗಳಲ್ಲಿ ಕೆಲಸಕ್ಕೆ ಸೇರುವವರು; ಕೆಲವರು ಅತಿಥಿಗಳಾಗಿಯೂ ಹೋಗುವಿರಿ. ಆದುದರಿಂದ ಈ ಅಭ್ಯಾಸವನ್ನು ಬರೆದಿಡುವುದರಲ್ಲಿ ತಪ್ಪಿಲ್ಲವೆಂದು ಭಾವಿಸಿದ್ದೇನೆ.

ಮಾವ 1958ರಲ್ಲಿ, ತಮ್ಮ ಹದಿಮೂರನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಮುಂಬಯಿಗೆ ಹೋದವರು. ಅಲ್ಲಿಯ ಕೋಟೆ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ತಟ್ಟೆ ತೊಳೆದು, ಮೇಜು ಒರೆಸಿ, ಆಮೇಲೆ ಮಾಣಿಯಾಗಿ, ಕೊನೆಗೆ ಗಲ್ಲೆಯಲ್ಲಿ ಕುಳಿತು 31 ವರ್ಷ ಕಳೆದರು. ಓದಿದ್ದೆಲ್ಲ ರಾತ್ರಿಶಾಲೆಯಲ್ಲಿ. ನಾನು ಎಂ.ಎ. ಮುಗಿಸಿದ್ದು ಅವರು ತಿಂಗಳು ತಿಂಗಳು ಕಳುಹಿಸುತ್ತಿದ್ದ ಮನಿಯಾರ್ಡರಿನಿಂದ. ವಾರಕ್ಕೊಮ್ಮೆ ಬಿಡುವು ಸಿಕ್ಕಿದ ಸಂಜೆ ಅಪೊಲೊ ಬಂದರಕ್ಕೆ ನಡೆದುಹೋಗಿ, ಕಡಲಕಟ್ಟೆಯ ಮೇಲೆ ಕುಳಿತು, ಎದುರಿನ ತಾಜ್ ಮಹಲ್ ಹೋಟೆಲಿನ ದೀಪ ಹೊತ್ತುವುದನ್ನು ನೋಡಿ ಹಿಂತಿರುಗುವುದು ಅವರ ವಾಡಿಕೆಯಾಗಿತ್ತಂತೆ. ಒಳಗೆ ಒಂದು ದಿನವೂ ಕಾಲಿಟ್ಟವರಲ್ಲ. ‘ಕೈಯಲ್ಲಿ ಕಾಸಿರಲಿಲ್ಲ, ಕಾಲಲ್ಲಿ ಬೂಟಿರಲಿಲ್ಲ’ ಎಂದು ಅವರೇ ನಗುತ್ತಾರೆ.

2018ರಲ್ಲಿ ಅವರನ್ನು ಕರೆದುಕೊಂಡು ಹೋದಾಗ, ತಾಜ್ ನಮ್ಮಂಥವರಿಗಲ್ಲವೆಂಬ ಅಳುಕಿನಿಂದ ನಾನು ನಗರದ ಇನ್ನೊಂದು ಕಡೆ, ಗಾಜಿನ ಗೋಡೆಗಳ ಹೊಸ ಹೋಟೆಲೊಂದನ್ನು ಗೊತ್ತುಮಾಡಿದೆ. ಅದರ ಹೆಸರು ಇಲ್ಲಿ ಬೇಡ. ‘ಕಡಲು ಕಾಣುವ ಕೋಣೆ’ ಎಂದು ಅವರು ಬರೆದಿದ್ದರು. ಕಡಲು ಕಂಡದ್ದು ನಿಜ; ಕಿಟಕಿಯ ಬಲಮೂಲೆಗೆ ಕೆನ್ನೆ ಒತ್ತಿ ನಿಂತರೆ ಎರಡು ಕಟ್ಟಡಗಳ ನಡುವೆ ಬೆರಳಗಲದ ನೀರು ಕಾಣುತ್ತಿತ್ತು. ಹಾಸಿಗೆ, ಸ್ನಾನದ ಮನೆ, ಊಟ ಯಾವುದರಲ್ಲೂ ಕೊರತೆಯಿಲ್ಲ. ಆದರೆ ಬಾಗಿಲಿನಿಂದ ಹೊರಟರೆ ಅಗಲವಾದ ಹೆದ್ದಾರಿ. ಅದನ್ನು ದಾಟಲು ಮುದುಕರಿಗೆ ಸಾಧ್ಯವಿಲ್ಲ, ದಾಟಿದರೂ ಆಚೆ ಒಂದು ಚಹದ ಅಂಗಡಿಯಿಲ್ಲ, ಕೂರಲು ಕಟ್ಟೆಯಿಲ್ಲ. ಎರಡನೆಯ ದಿನ ಮಧ್ಯಾಹ್ನ ಮಾವ ಹಾಸಿಗೆಯ ತುದಿಯಲ್ಲಿ ಕುಳಿತು, ‘ಮಾಣಿ, ಎಲ್ಲ ಚಂದ ಉಂಟು. ಆದರೆ ಇಲ್ಲಿ ಊರೇ ಇಲ್ಲವಲ್ಲ!’ ಎಂದರು. ನಾನು ಕೊಟ್ಟ ಹಣಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಅವರಿಗೆ ಆಗ 73. ಮಂಡಿನೋವು ಹೆಚ್ಚುತ್ತಿತ್ತು. ಇನ್ನೊಂದು ಪ್ರಯಾಣ ಸಾಧ್ಯವಾದರೆ ಅದೇ ಕೊನೆಯದೆಂದು ಇಬ್ಬರಿಗೂ ಗೊತ್ತಿತ್ತು.

ಹೀಗಾಗಿ ನನ್ನ ಮೊದಲನೆಯ ಪಾಠ: ಕೋಣೆಯನ್ನು ಆರಿಸುವ ಮುನ್ನ ಕೇರಿಯನ್ನು ಆರಿಸಬೇಕು. ಮುಂಬಯಿಯ ಕೊಲಾಬಾ ಒಂದಾನೊಂದು ಕಾಲದಲ್ಲಿ ಬೇರೆಯೇ ದ್ವೀಪವಾಗಿತ್ತು. ಮೀನುಗಾರರಾದ ಕೋಳಿ ಜನರಿಂದ ಅದಕ್ಕೆ ಆ ಹೆಸರು ಬಂತೆನ್ನುತ್ತಾರೆ. 1838ರಲ್ಲಿ ಒಡ್ಡುರಸ್ತೆ ಮುಗಿದಾಗ ಅದು ನಗರಕ್ಕೆ ಕೂಡಿಕೊಂಡಿತು. ಆ ರಸ್ತೆಗೆ ಇಂದು ಶಹೀದ್ ಭಗತ್ ಸಿಂಗ್ ಮಾರ್ಗವೆಂದು ಹೆಸರಾದರೂ ಜನ ‘ಕಾಸ್‌ವೇ’ ಎಂದೇ ಕರೆಯುತ್ತಾರೆ. 1875ರಲ್ಲಿ ಸಸೂನ್ ಡಾಕ್ ತೆರೆಯಿತು. ಇಂದಿಗೂ ಬೆಳಕು ಹರಿಯುವ ಮೊದಲೇ ಅಲ್ಲಿ ಮೀನಿನ ಸಗಟು ವ್ಯಾಪಾರ ಗಲಗಲ ನಡೆಯುತ್ತದೆ. 1871ರ ಲಿಯೊಪೋಲ್ಡ್ ಉಪಾಹಾರಗೃಹ, 1933ರ ರೀಗಲ್ ಚಿತ್ರಮಂದಿರ, ಪಾದಚಾರಿ ದಾರಿಯುದ್ದಕ್ಕೂ ಬಳೆ, ಚಪ್ಪಲಿ, ಹಿತ್ತಾಳೆಯ ಸಾಮಾನು ಹರಡಿಕೊಂಡವರು, ಹಿಂದಿನ ಗಲ್ಲಿಗಳಲ್ಲಿ ಬಟ್ಟೆ ಒಣಗಿಸುವ ಮನೆಗಳು, ಎಲ್ಲವೂ ಅರ್ಧ ಗಂಟೆಯ ನಡಿಗೆಯೊಳಗೆ. ಹೋಟೆಲು ಮುಚ್ಚಿಹೋದರೂ ಈ ಕೇರಿ ಬದುಕಿರುತ್ತದೆ. ನನ್ನ ಮಟ್ಟಿಗೆ ಜೀವಂತ ಕೇರಿಯ ಲಕ್ಷಣ ಇದೇ. ಕಟ್ಟಡದಿಂದ ಜೀವ ಬಂದ ಕೇರಿಯಾದರೆ ಅಲ್ಲಿ ಕಾಣುವವರೆಲ್ಲ ನಮ್ಮಂತೆಯೇ ಬಂದುಹೋಗುವವರು.

ಎರಡನೆಯದು ದಿಕ್ಕು. ಇದನ್ನು ಬಹಳ ಜನ ಮರೆಯುತ್ತಾರೆ. ಮುಂಬಯಿ ದಕ್ಷಿಣಕ್ಕೆ ಚಾಚಿದ ಕಿರಿದಾದ ನೆಲ. ಅದಕ್ಕೆ ಎರಡು ಕಡೆಯೂ ನೀರು. ಪಶ್ಚಿಮದ ಮರೀನ್ ಡ್ರೈವ್ ಬಯಲುಗಡಲಿಗೆ ಎದುರಾಗಿದೆ: ಅಲ್ಲಿ ಸೂರ್ಯಾಸ್ತ, ಸಂಜೆಯ ಜನಜಾತ್ರೆ, ಮಳೆಗಾಲದಲ್ಲಿ ಕಟ್ಟೆ ಹಾರಿ ಬರುವ ಅಲೆ. ಪೂರ್ವದ ಅಪೊಲೊ ಬಂದರ ಒಳಬಂದರಿಗೆ ಎದುರಾಗಿದೆ: ಅಲ್ಲಿ ಸೂರ್ಯೋದಯ, ಶಾಂತವಾದ ನೀರು, ಲಂಗರು ಹಾಕಿದ ಹಡಗು. ಯಾವುದು ಮೇಲೆಂದು ತೀರ್ಪು ಕೊಡಲಾರೆ. ಮರೀನ್ ಡ್ರೈವಿನ ದಕ್ಷಿಣ ತುದಿಯಲ್ಲಿಯೂ ಹೆಸರಾಂತ ಹೋಟೆಲುಗಳುಂಟು. ಸಂಜೆ ನಡೆಯಬಲ್ಲ ತರುಣರಿಗೆ ಅದನ್ನೇ ಹೇಳುತ್ತೇನೆ. ಆದರೆ ಮಾವ ನಾಲ್ಕು ಗಂಟೆಗೆ ಏಳುವವರು, ಏಳು ಗಂಟೆಯ ನಂತರ ಹೊರಗೆ ಹೋಗದವರು. ಸೂರ್ಯಾಸ್ತಕ್ಕಿಂತ ಸೂರ್ಯೋದಯ ಅವರ ಪಾಲಿನದು. ಬಾಂದ್ರಾ, ಜುಹುಗಳ ವಿಚಾರ ಮಾಡಲೇ ಇಲ್ಲ. ಅವರ ಹಳೆಯ ಕೋಟೆ ಪ್ರದೇಶದಿಂದ ಅವು ದೂರ.

ಕಾಲವನ್ನೂ ಗಮನಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಬಂದರಿನ ಲಾಂಚುಗಳ ಓಡಾಟ ಆಗ ನಂಬುವಂತಿಲ್ಲ. ಡಿಸೆಂಬರಿನ ಕೊನೆಯ ವಾರದಲ್ಲಿ ಬಾಡಿಗೆ ಆಕಾಶಕ್ಕೇರುತ್ತದೆ. ನಾವು ಜನವರಿಯ ನಡುವಣ ವಾರವನ್ನು ಹಿಡಿದೆವು.

ಇನ್ನು ಕಟ್ಟಡ. ತಾಜ್ ಮಹಲ್ ಹೋಟೆಲು ತೆರೆದದ್ದು 1903ರ ಡಿಸೆಂಬರ್ 16ರಂದು. ಕಟ್ಟಿಸಿದವರು ಜಮ್‌ಶೇಟ್‌ಜಿ ನಸರ್ವಾನ್‌ಜಿ ಟಾಟಾ. ಅದಾದ ಐದೇ ತಿಂಗಳಿಗೆ, 1904ರ ಮೇ ತಿಂಗಳಲ್ಲಿ, ಅವರು ಜರ್ಮನಿಯಲ್ಲಿ ತೀರಿಕೊಂಡರು. ಎದುರಿನ ‘ಗೇಟ್‌ವೇ ಆಫ್ ಇಂಡಿಯಾ’ ಮೊದಲಿನಿಂದ ಇದ್ದುದೆಂದು ತಿಳಿಯುವವರುಂಟು. ಅದು ಪೂರ್ತಿಯಾದದ್ದು 1924ರಲ್ಲಿ, ಹೋಟೆಲಿಗಿಂತ 21 ವರ್ಷ ಕಿರಿಯದು. ಅಂದರೆ ಅದಕ್ಕೂ ಮೊದಲು ಹಡಗಿನಲ್ಲಿ ಬಂದವರ ಕಣ್ಣಿಗೆ ಈ ಹೋಟೆಲಿನ ಗುಮ್ಮಟವೇ ನಗರದ ಹೆಬ್ಬಾಗಿಲು. ಮೊದಲನೆಯ ಮಹಾಯುದ್ಧದಲ್ಲಿ ಇದೇ ಕಟ್ಟಡ 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು.

ಈ ಹೋಟೆಲಿನ ಸುತ್ತ ಕಟ್ಟುಕಥೆಗಳೂ ಬೆಳೆದಿವೆ. ವಾಟ್ಸನ್ ಹೋಟೆಲಿನಲ್ಲಿ ಟಾಟಾ ಅವರಿಗೆ ಪ್ರವೇಶ ಸಿಕ್ಕದಿದ್ದುದರಿಂದ ಛಲ ಹಿಡಿದು ಇದನ್ನು ಕಟ್ಟಿಸಿದರೆಂಬುದು ಒಂದು. ಇತಿಹಾಸಕಾರರಲ್ಲಿ ಹಲವರು ಇದನ್ನು ನಂಬುವುದಿಲ್ಲ. ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿಬಿಟ್ಟದ್ದನ್ನು ಕಂಡು ಶಿಲ್ಪಿ ಪ್ರಾಣ ಕಳೆದುಕೊಂಡನೆಂಬುದು ಇನ್ನೊಂದು. ಇದು ಶುದ್ಧ ಸುಳ್ಳು. ಮೂಲ ಶಿಲ್ಪಿಗಳಲ್ಲೊಬ್ಬರಾದ ಸೀತಾರಾಮ್ ಖಂಡೇರಾವ್ ವೈದ್ಯರು 1900ರಲ್ಲಿಯೇ ಮಲೇರಿಯಾದಿಂದ ತೀರಿಕೊಂಡರು, ಡಬ್ಲ್ಯು. ಎ. ಚೇಂಬರ್ಸ್ ಎಂಬವರು ಕೆಲಸ ಮುಗಿಸಿದರು. ಹಾಗಾದರೆ ಹಳೆಯ ಬಾಗಿಲು ನೆಲದ ಕಡೆಗೆ, ಪಶ್ಚಿಮಕ್ಕೆ, ಇದ್ದದ್ದೇಕೆ? ಗಾಡಿಗಳು ನಗರದಿಂದ ಬರುತ್ತಿದ್ದವು. ಮಧ್ಯಾಹ್ನದ ತಂಗಾಳಿ ಬಯಲುಗಡಲಿನಿಂದ, ಎಂದರೆ ಪಶ್ಚಿಮದಿಂದ, ಬೀಸುತ್ತಿತ್ತು. ಎರಡು ರೆಕ್ಕೆಗಳನ್ನು ಪಶ್ಚಿಮಕ್ಕೆ ಚಾಚಿದ ಕಟ್ಟಡ ಆ ಗಾಳಿಯನ್ನು ಮಡಿಲಿಗೆ ಹಾಕಿಕೊಳ್ಳುತ್ತಿತ್ತು. ಕಡಲಗಾಳಿ, ನೆಲಗಾಳಿ ಎಂದು ನಾನು ತರಗತಿಯಲ್ಲಿ ಬಿಡಿಸುವ ಚಿತ್ರ ಇಲ್ಲಿ ಕಲ್ಲಿನಲ್ಲಿ ನಿಂತಿದೆ.

ಪಕ್ಕದ ಎತ್ತರದ ಗೋಪುರಕಟ್ಟಡ 1970ರ ದಶಕದ ಆರಂಭದ್ದು. ಹಳೆಯ ಅರಮನೆ ಭಾಗಕ್ಕಿಂತ ಅಲ್ಲಿ ಬಾಡಿಗೆ ಸಾಮಾನ್ಯವಾಗಿ ಕಡಿಮೆ, ಮೇಲಿನ ಅಂತಸ್ತಿನ ನೋಟ ವಿಶಾಲ. ಎರಡೂ ಒಳಗಿನಿಂದ ಕೂಡಿಕೊಂಡಿವೆ. ‘ನಗರದ ಕಡೆಗೆ’, ‘ಕಡಲಿನ ಕಡೆಗೆ’ ಎಂದು ಕೋಣೆಗಳಲ್ಲಿ ಭೇದವುಂಟು; 2018ರ ಪೆಟ್ಟು ನೆನಪಿದ್ದ ನಾನು ‘ಕಡಲು ಕಾಣುತ್ತದೆಯೇ’ ಎಂದು ಕೇಳದೆ, ‘ಕಿಟಕಿಯ ನೇರಕ್ಕೆ ಏನಿದೆ’ ಎಂದು ಕೇಳಿದೆ. ಇದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು. ಹೇಳಿದ ಬಾಡಿಗೆಯ ಮೇಲೆ ನೂರಕ್ಕೆ 18ರಂತೆ ತೆರಿಗೆಯೂ ಸೇರುತ್ತದೆ. ಬೆಳಗಿನ ಉಪಾಹಾರ ಒಳಗೋ ಹೊರಗೋ ಎಂಬುದನ್ನೂ ಮೊದಲೇ ಬಾಯಿಬಿಟ್ಟು ಕೇಳಬೇಕು. ನಾಚಿಕೊಂಡರೆ ನಷ್ಟ ನಮ್ಮದೇ. ಗೋಪುರದಲ್ಲಿ ಎರಡು ರಾತ್ರಿಗೆ ನನ್ನ ತಿಂಗಳ ಸಂಬಳದ ಅರ್ಧಕ್ಕೆ ಹತ್ತಿರ ಹೋಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಆ ಮನಿಯಾರ್ಡರುಗಳ ಲೆಕ್ಕ ಅವಳಿಗೂ ಗೊತ್ತು.

ಇಷ್ಟೆಲ್ಲ ನೋಡಿದ ಮೇಲೂ ಕೊನೆಯ ಮಾತು ಮಾವನದಾಯಿತು. ‘ಹೋಟೆಲನ್ನು ಮುಂಬಾಗಿಲಿನಿಂದ ನೋಡಬಾರದು ಮಾಣಿ, ಹಿಂಬಾಗಿಲಿನಿಂದ ನೋಡಬೇಕು. ಕೆಲಸದವರು ಯಾವ ಮುಖ ಹೊತ್ತು ಹೊರಗೆ ಬರುತ್ತಾರೆ ನೋಡು’ ಎಂಬುದು ಅವರ ಸೂತ್ರ. ಅದನ್ನು ನಕ್ಕು ಬಿಡುವಂತಿಲ್ಲ. 2008ರ ನವೆಂಬರ್ 26ರ ರಾತ್ರಿ ಬಂದೂಕುಧಾರಿಗಳು ಈ ಹೋಟೆಲಿಗೆ ನುಗ್ಗಿದರು. 29ರ ಬೆಳಗ್ಗಿನವರೆಗೆ ಕಾದಾಟ ನಡೆಯಿತು, ಗುಮ್ಮಟದ ಭಾಗ ಉರಿಯಿತು. ಇಲ್ಲಿ 31 ಜನ ಸತ್ತರು. ಸತ್ತವರಲ್ಲಿ ಅಡಿಗೆಮನೆಯ, ಬಡಿಸುವ, ಕಾವಲಿನ ಸಿಬ್ಬಂದಿಯೂ ಇದ್ದರು. ಹಿಂದಿನ ದಾರಿಗಳು ಗೊತ್ತಿದ್ದ ಕೆಲಸಗಾರರು ಓಡಿಹೋಗದೆ ನಿಂತು, ಅತಿಥಿಗಳನ್ನು ಆ ದಾರಿಯಿಂದಲೇ ಸಾಗಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಅರಮನೆ ಭಾಗ ದುರಸ್ತಿಯಾಗಿ ಮತ್ತೆ ತೆರೆದದ್ದು 2010ರ ಆಗಸ್ಟ್ 15ರಂದು. ಮಾವ ಆ ಮೂರು ದಿನ ಊರಿನ ಮನೆಯಲ್ಲಿ ದೂರದರ್ಶನದ ಎದುರಿನಿಂದ ಏಳಲಿಲ್ಲವೆಂದು ಅತ್ತೆ ಹೇಳುತ್ತಿದ್ದರು.

ಬಾಗಿಲಲ್ಲಿ ನಮ್ಮ ಪೆಟ್ಟಿಗೆಗಳನ್ನು ಯಂತ್ರದಲ್ಲಿ ಹಾಯಿಸಿ ನೋಡಿದರು. ಮಾವ ಚಪ್ಪಲಿಯನ್ನು ಕಳಚಿ ಕೈಗೆತ್ತಿಕೊಳ್ಳಲು ಬಗ್ಗಿದರು. ಅಲ್ಲಿದ್ದ ಹುಡುಗನೊಬ್ಬ ‘ಬೇಡ ಅಜ್ಜ’ ಎಂದು ಹಿಂದಿಯಲ್ಲಿ ಹೇಳಿ ತೋಳು ಹಿಡಿದು ಒಳಗೆ ಕರೆದೊಯ್ದ. ಆ ಹಿಡಿದ ರೀತಿಯಲ್ಲಿಯೇ ಮಾವನ ಪರೀಕ್ಷೆಯ ಅರ್ಧ ಮುಗಿದಿತ್ತು. ಒಳಗೆ 31 ಹೆಸರುಗಳಿರುವ ಸ್ಮಾರಕದ ಮುಂದೆ ಅವರು ತುಂಬ ಹೊತ್ತು ನಿಂತರು. ಅನಂತರ ಅರಮನೆ ಭಾಗದ ದೊಡ್ಡ ಮೆಟ್ಟಿಲಿನ ಹತ್ತಿರ ಹೋಗಿ, ಟಾಟಾ ಅವರ ಪ್ರತಿಮೆಯನ್ನೂ ಮೇಲೆ ಸುತ್ತಿಹೋಗುವ ಅಂತಸ್ತುಗಳನ್ನೂ ಕತ್ತೆತ್ತಿ ನೋಡಿ, ‘ಹೊರಗಿನಿಂದ ಇಷ್ಟು ಎತ್ತರ ಅಂತ ಗೊತ್ತಾಗುತ್ತಿರಲಿಲ್ಲ’ ಎಂದರು.

ಸಂಜೆ ಕೋಟೆ ಪ್ರದೇಶಕ್ಕೆ ಟ್ಯಾಕ್ಸಿಯಲ್ಲಿ ಹೋದೆವು. ಅವರ ಹಳೆಯ ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲುಗಳ ಅಂಗಡಿ. ಅದರಾಚೆಯ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲು ಸಿಕ್ಕಿತು. ಗಲ್ಲೆಯಲ್ಲಿದ್ದವರು ಬೈಂದೂರಿನ ಕಡೆಯವರು. ಇಬ್ಬರೂ ಒಂದು ಗಂಟೆ ಮಾತಾಡಿದರು. ನಾನು ಎರಡು ದೋಸೆ ತಿಂದೆ. ತಾಜಿನ ಊಟ ಮಾಡಲಿಲ್ಲವಲ್ಲ ಎಂದು ಓದುಗರು ಕೇಳಬಹುದು. ಒಂದು ಬೆಳಗ್ಗೆ ಉಪಾಹಾರ ಮಾಡಿದೆವು, ಅದು ಬಾಡಿಗೆಯಲ್ಲೇ ಸೇರಿತ್ತು. ಮಾವ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಕಲೆಯಿಲ್ಲವೆಂದು ತಲೆದೂಗಿದರು.

ಎಲಿಫಂಟಾಕ್ಕೆ ಹೋಗುವ ಯೋಚನೆ ಬಿಟ್ಟೆವು. ಲಾಂಚಿನಲ್ಲಿ ಒಂದು ಗಂಟೆ ಕೂರಬಹುದಿತ್ತು, ನೂರಕ್ಕೂ ಮಿಕ್ಕಿದ ಮೆಟ್ಟಿಲು ಹತ್ತುವುದು ಅವರಿಂದ ಆಗದು. ಸೋಮವಾರ ಗುಹೆಗಳು ಮುಚ್ಚಿರುತ್ತವೆ, ಹೋಗುವವರು ನೆನಪಿಡಿ.

ಎರಡನೆಯ ದಿನ ನಾನು ಎದ್ದಾಗ ಆರು ಗಂಟೆಯಿರಬಹುದು. ಮಾವನ ಹಾಸಿಗೆ ಖಾಲಿ. ಗಾಬರಿಯಾಗಿ ಕಿಟಕಿಯ ಬಳಿಗೆ ಹೋದೆ. ಕೆಳಗೆ ಮಬ್ಬು ಬೆಳಕಿನಲ್ಲಿ ಲಾಂಚುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಪಾರಿವಾಳಗಳು ಆಗತಾನೆ ಇಳಿಯುತ್ತಿದ್ದವು. ಕಡಲಕಟ್ಟೆಯ ಹತ್ತಿರ, ಶಾಲು ಹೊದ್ದ ಒಂದು ಸಣ್ಣ ಆಕೃತಿ. ಬಟ್ಟೆ ಹಾಕಿಕೊಂಡು ಓಡಿದೆ. ಮಾವ ನೀರಿಗೆ ಬೆನ್ನು ಮಾಡಿ ನಿಂತಿದ್ದರು. ಪಕ್ಕದಲ್ಲಿ ಸೈಕಲ್ಲಿನ ಮೇಲೆ ಚಹ ಮಾರುವ ಹುಡುಗ. ನನಗೂ ಒಂದು ಕಾಗದದ ಲೋಟ ಕೊಡಿಸಿ, ಹೋಟೆಲಿನ ಕಡೆಗೆ ಬೆರಳು ತೋರಿಸಿ ಕೇಳಿದರು: ‘ನಮ್ಮ ಕಿಟಕಿ ಯಾವುದು, ಮಾಣಿ?’

ನಾನು ಕೆಳಗಿನಿಂದ ಅಂತಸ್ತು ಎಣಿಸತೊಡಗಿದೆ.