ದೋಣಿಯ ಎಣ್ಣೆಟಾಂಕಿಯ ರಕ್ಷಣೆ

ಮಂಜೇಶ್ವರ, ಕಾಸರಗೋಡುಗಳ ಕಡಲತೀರದಲ್ಲಿ ಬೆಳೆದ ಬಾಲಕಬಾಲಕಿಯರಿಗೆ ಯಂತ್ರದೋಣಿಯು ಹೊಸತಲ್ಲ. ಅಂತಹ ದೋಣಿಯ ಒಡಲಿನಲ್ಲಿ ಡೀಸೆಲ್ ಎಣ್ಣೆಯನ್ನು ತುಂಬಿಡುವ ಟಾಂಕಿಯಿರುತ್ತದೆ. ಅದು ಹಲವೆಡೆ ಉಕ್ಕಿನದು. ನೋಡುವವರ ಕಣ್ಣಿಗೆ ಅದು ಬೀಳುವುದು ಅಪರೂಪ. ಆದರೆ ನಡುಗಡಲಿನಲ್ಲಿ ದೋಣಿಯವರ ಪ್ರಾಣವು ಅದನ್ನು ನಂಬಿಕೊಂಡಿದೆ. ಟಾಂಕಿ ಕೆಟ್ಟರೆ ಎಂಜಿನ್ ನಿಲ್ಲುವುದು. ಎಂಜಿನ್ ನಿಂತ ದೋಣಿಯು ಗಾಳಿ ತೆರೆಗಳ ವಶವಾಗುವುದು.

ಈ ಟಾಂಕಿಯ ಶತ್ರು ಯಾರು? ಎಣ್ಣೆಯಲ್ಲ, ನೀರು. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಸೋಂಕಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಆ ಕ್ರಿಯೆಯು ಇನ್ನಷ್ಟು ತೀವ್ರವಾಗುತ್ತದೆ.

ಮುಚ್ಚಿದ ಟಾಂಕಿಯೊಳಕ್ಕೆ ನೀರು ಬರುವುದೆಂತು? ಟಾಂಕಿಗೆ ಗಾಳಿಯಾಡುವ ಕೊಳವೆಯೊಂದುಂಟು. ಹಗಲಿನ ಬಿಸಿಗೆ ಒಳಗಿನ ಗಾಳಿಯು ಹಿಗ್ಗಿ ಹೊರಹೋಗುತ್ತದೆ; ಇರುಳು ತಂಪಾದಾಗ ತೇವದ ಗಾಳಿಯು ಒಳಬರುತ್ತದೆ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗೂಡುವಂತೆಯೇ ಆ ತೇವವು ಟಾಂಕಿಯ ಗೋಡೆಯಲ್ಲಿ ಹನಿಯಾಗುತ್ತದೆ. ಒಂದು ಲೀಟರ್ ನೀರಿನ ತೂಕ 1 ಕಿಲೋಗ್ರಾಂ. ಅಷ್ಟೇ ಡೀಸೆಲ್ ಎಣ್ಣೆಯದು ಸುಮಾರು 0.83 ಕಿಲೋಗ್ರಾಂ. ಆದುದರಿಂದ ನೀರು ಎಣ್ಣೆಯಡಿಗೆ ಇಳಿದು ತಳವನ್ನು ಕೊರೆಯುತ್ತದೆ. ಗಾಜಿನ ಲೋಟದಲ್ಲಿ ನೀರನ್ನೂ ತೆಂಗಿನೆಣ್ಣೆಯನ್ನೂ ಹೊಯ್ದು ನೋಡಿರಿ. ಈ ಮಾತು ಪ್ರತ್ಯಕ್ಷವಾಗುವುದು. ನೀರೂ ಎಣ್ಣೆಯೂ ಕೂಡುವ ಎಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಆಮ್ಲವನ್ನೂ ಫಿಲ್ಟರು ಕಟ್ಟಿಹೋಗುವಂತಹ ಲೋಳೆಯನ್ನೂ ಉಂಟುಮಾಡುತ್ತವೆ.

ಆದುದರಿಂದ ಟಾಂಕಿಯ ತಗ್ಗಿನಲ್ಲಿರುವ ನಲ್ಲಿಯಿಂದ ತಳನೀರನ್ನು ಆಗಾಗ ಬಸಿಯಬೇಕು. ಬಸಿದುದನ್ನು ಕಡಲಿಗೆ ಚೆಲ್ಲದೆ ಡಬ್ಬಿಯಲ್ಲಿ ಹಿಡಿಯಬೇಕು. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲ್ ಮೀನುಗಾರಿಕೆಗೆ ನಿಷೇಧವಿದೆ. ಈಗ ಅದರ ಅವಧಿ 52 ದಿನಗಳು. ಆ ತೇವದ ದಿನಗಳಲ್ಲಿ ಅರೆತುಂಬಿದ ಟಾಂಕಿಯೇ ಹೆಚ್ಚು ಕೆಡುವುದು. ಎಣ್ಣೆ ಹಿಗ್ಗಲು ಕೊಂಚ ಎಡೆಯಿರಿಸಿ ತುಂಬಿಟ್ಟರೆ ತೇವದ ಗಾಳಿಗೆ ಸ್ಥಳವಿರದು.

ಹೊರಮೈಯಲ್ಲಿ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಉಪ್ಪನ್ನು ಸಿಹಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಬಳಿಕ ತುಕ್ಕುನಿರೋಧಕ ಬಣ್ಣವನ್ನು ಬಳಿಯಬೇಕು. ತುಕ್ಕಿನ ಮೇಲೆಯೇ ಬಳಿದ ಬಣ್ಣವು ಬೇಗ ಎದ್ದುಹೋಗುವುದು. ಟಾಂಕಿಯಡಿಗೆ ಗೋಣಿಯನ್ನಾಗಲಿ ನೀರು ಹೀರುವ ಮರವನ್ನಾಗಲಿ ಇಡಬಾರದು, ಸುತ್ತಲೂ ಗಾಳಿಯಾಡಬೇಕು.

ಸತುವಿನಿಂದ ರಕ್ಷಣೆ ದೊರೆಯದೇ ಎಂದು ಕೆಲವರು ಕೇಳಬಹುದು. ಹಡಗಿನ ತಾಮ್ರದ ಹೊದಿಕೆಗೆ ಸತುವಿನ ತುಂಡನ್ನು ಸೇರಿಸಿದರೆ, ಸತುವು ತಾನು ಸವೆದು ತಾಮ್ರವನ್ನು ಕಾಯುವುದೆಂದು ಹಂಫ್ರಿ ಡೇವಿಯು 1824ರಲ್ಲಿ ತೋರಿಸಿದನು. ಸಮುದ್ರದ ನೀರಿನಲ್ಲಿ ಉಕ್ಕಿಗೂ ಇದು ಸಲ್ಲುತ್ತದೆ. ಆದರೆ ಎಣ್ಣೆಯು ವಿದ್ಯುತ್ತನ್ನು ಒಯ್ಯದು. ಮೇಲಾಗಿ ಸತುವು ಡೀಸೆಲಿನೊಡನೆ ಕೂಡಿ, ಫಿಲ್ಟರನ್ನು ಕಟ್ಟುವ ಸಾಬೂನಿನಂತಹ ವಸ್ತುವಾಗುತ್ತದೆ. ಆದಕಾರಣ ಟಾಂಕಿಯ ಒಳಮೈಗೆ ಸತುವಿನ ಲೇಪವು ಸಲ್ಲದು.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಬರಿದಾದ ಟಾಂಕಿಯಲ್ಲಿಯೂ ಎಣ್ಣೆಯ ಆವಿಯಿರುತ್ತದೆ. ಅದನ್ನು ಪೂರ್ಣವಾಗಿ ಶುದ್ಧಮಾಡದೆ ಬೆಸುಗೆಯ ಕಿಡಿ ತಗಲಿಸಿದರೆ ಸಿಡಿಯಬಹುದು. ಮುಚ್ಚಿದ ಟಾಂಕಿಯೊಳಕ್ಕೆ ಯಾರೂ ತಲೆಯಿಕ್ಕಬಾರದು. ತುಕ್ಕು ಅಲ್ಲಿನ ಆಮ್ಲಜನಕವನ್ನೇ ನುಂಗಿರಬಹುದು, ಉಸಿರಾಡಿದವನು ಕ್ಷಣದಲ್ಲಿ ಮೂರ್ಛೆಹೋಗುವನು.

ಶಾಲೆಯಲ್ಲಿ ನೀವು ಕಲಿತ ತುಕ್ಕಿನ ಪಾಠವು ಹೀಗೆ ದೋಣಿಯ ಒಡಲಿನಲ್ಲಿಯೇ ಇದೆ. ಅದನ್ನು ಮನೆಯ ಹಿರಿಯರಿಗೂ ತಿಳಿಸಿರಿ. ತೀರದಲ್ಲಿ ಬಸಿದ ಒಂದು ಬಟ್ಟಲು ನೀರು ಕಡಲಿನಲ್ಲಿ ಒಂದು ದೋಣಿಯನ್ನು ಉಳಿಸೀತು.