ಎಂಎಸ್‌ಡಬ್ಲ್ಯು ಮುಚ್ಚುತ್ತಾರಂತೆ, ಏನು ಮಾಡೋಣ?

ಪ್ರಶ್ನೆ: ನನ್ನ ಮಗಳು ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಮೊದಲ ವರ್ಷದಲ್ಲಿದ್ದಾಳೆ. ಈ ಸಲ ಸೇರಿದವರು ಕಡಿಮೆ, ಮುಂದಿನ ವರ್ಷದಿಂದ ಕೋರ್ಸೇ ಇರುವುದಿಲ್ಲ ಎಂದು ಅಲ್ಲಿಯ ಮೇಷ್ಟ್ರೇ ಹೇಳಿದರಂತೆ. ಈಗಲೇ ಟಿ.ಸಿ. ತೆಗೆಸಿ ಬೇರೆ ಕಡೆ ಸೇರಿಸಲೇ? ಮುಸುಕಿನ ಜೋಳ ನಂಬಿದ ಸಂಸಾರ ಸಾರ್, ಖಾಸಗಿ ಕಾಲೇಜಿನ ಫೀಸು ಕಟ್ಟುವ ಶಕ್ತಿಯಿಲ್ಲ.
– ಓದುಗರೊಬ್ಬರು, ಕೌದಳ್ಳಿ

ಉತ್ತರ: ಟಿ.ಸಿ. ಮಾತು ಸದ್ಯಕ್ಕೆ ಬಿಡಿ. ಕೋರ್ಸು ನಿಲ್ಲಿಸುವುದೆಂದರೆ ಸಾಮಾನ್ಯವಾಗಿ ಹೊಸಬರ ಪ್ರವೇಶ ನಿಲ್ಲಿಸುವುದು. ಈಗಾಗಲೇ ಸೇರಿಸಿಕೊಂಡವರನ್ನು ಓದಿಸಿ ಕಳಿಸುವ ಹೊಣೆ ಸೇರಿಸಿಕೊಂಡವರದ್ದೇ. ಆದರೆ ಬಾಯಿಮಾತನ್ನು ನಂಬಬೇಡಿ. ಎರಡನೇ ವರ್ಷದ ಪಾಠ, ಪರೀಕ್ಷೆ, ಹಾಸ್ಟೆಲು, ಎಲ್ಲಕ್ಕಿಂತ ಮುಖ್ಯವಾಗಿ ಕ್ಷೇತ್ರಕಾರ್ಯದ ಮೇಲ್ವಿಚಾರಣೆ ಮುಂದುವರಿಯುತ್ತದೆಯೇ ಎಂದು ತರಗತಿಯವರೆಲ್ಲ ಸಹಿ ಹಾಕಿ ಕುಲಸಚಿವರನ್ನು ಕೇಳಲಿ, ಉತ್ತರವನ್ನು ಬರಹದಲ್ಲೇ ಪಡೆಯಲಿ. ಕ್ಷೇತ್ರಕಾರ್ಯ ಎಂದು ಒತ್ತಿ ಹೇಳಲು ಕಾರಣವಿದೆ. ಬಾಗಿಲು ಹಾಕುವ ವಿಭಾಗದಲ್ಲಿ ಪಾಠ ಹೇಗೋ ನಡೆದುಬಿಡುತ್ತದೆ. ವಾರಕ್ಕೆರಡು ದಿನ ಹಳ್ಳಿಗೋ ಆಸ್ಪತ್ರೆಗೋ ಹೋಗಿ ಬಂದ ವಿದ್ಯಾರ್ಥಿಯ ವರದಿಯನ್ನು ಕೂತು ಓದುವವರು ಮಾತ್ರ ಮೊದಲು ಮಾಯವಾಗುತ್ತಾರೆ. ಆ ವರದಿಯಿಲ್ಲದ ಎಂಎಸ್‌ಡಬ್ಲ್ಯು ಬರೀ ಅಂಕಪಟ್ಟಿ.

ಇನ್ನೊಂದು ಗೊಂದಲ ಬಿಡಿಸಬೇಕು. ನಿಮ್ಮ ಸುತ್ತ ಎರಡು ಸುದ್ದಿ ಬೆರೆತಿವೆ: ವಿಶ್ವವಿದ್ಯಾಲಯವನ್ನೇ ಮುಚ್ಚುವುದು ಒಂದು, ಕೋರ್ಸು ಮುಚ್ಚುವುದು ಇನ್ನೊಂದು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಬಿಟ್ಟು ಒಂಬತ್ತನ್ನು ಮುಚ್ಚಿ ಹಳೆಯವುಗಳ ಜೊತೆ ಸೇರಿಸುವ ಕಡೆಗೆ ಒಲವು ತೋರಿತು. ಚಾಮರಾಜನಗರ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು. ಮೈಸೂರು ವಿಶ್ವವಿದ್ಯಾಲಯದ ಡಾ. ಬಿ.ಆರ್. ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು ಬೊಮ್ಮಾಯಿ ಸರ್ಕಾರದ ಕಾಲದಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಹೆಸರು ಬಂದಷ್ಟು ಬೇಗ ಹಣವಾಗಲಿ ಹುದ್ದೆಗಳಾಗಲಿ ಬರಲಿಲ್ಲ. ಇಂಥ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ಕ್ಕೆ ತಿದ್ದುಪಡಿ ತಂದು. ಅವನ್ನು ಅಳಿಸಬೇಕಾದರೂ ವಿಷಯ ವಿಧಾನಮಂಡಲಕ್ಕೇ ಬರಬೇಕು, ಪತ್ರಿಕೆಯಲ್ಲಿ ಚರ್ಚೆಯಾಗುತ್ತದೆ, ಶಾಸಕರು ಎದ್ದು ನಿಲ್ಲುತ್ತಾರೆ.

ಒಂದು ಕೋರ್ಸು ಸಾಯುವುದಕ್ಕೆ ಅಷ್ಟು ಸದ್ದು ಬೇಕಿಲ್ಲ. ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್ ಎಂದು ಕಾಗದ ಮೇಲೇರುತ್ತದೆ. ಒಮ್ಮೊಮ್ಮೆ ಅದೂ ಇಲ್ಲ. ಪ್ರವೇಶ ಪ್ರಕಟಣೆಯಲ್ಲಿ ಆ ಕೋರ್ಸಿನ ಹೆಸರು ಕಾಣುವುದಿಲ್ಲ, ಅಷ್ಟೆ. ಆದ್ದರಿಂದ ನೀವು ಮೊದಲು ಮಾಡಬೇಕಾದ್ದು ಧರಣಿಯಲ್ಲ, ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಹಾಗಾಗಿ ಮೂರು ಅರ್ಜಿ ಹಾಕಿ. ಐದು ವರ್ಷಗಳಲ್ಲಿ ಮಂಜೂರಾದ ಸೀಟು ಎಷ್ಟು, ತುಂಬಿದ್ದು ಎಷ್ಟು ಎಂಬುದಕ್ಕೊಂದು. ಆ ವಿಭಾಗಕ್ಕೆ ಮಂಜೂರಾದ ಬೋಧಕ ಹುದ್ದೆ ಎಷ್ಟು, ಖಾಲಿ ಎಷ್ಟು ಎಂಬುದಕ್ಕೊಂದು. ಕೋರ್ಸು ನಿಲ್ಲಿಸುವ ಕುರಿತ ಸಭಾ ನಡವಳಿಯ ಪ್ರತಿಗೆ ಮತ್ತೊಂದು. 30 ದಿನದೊಳಗೆ ಉತ್ತರ ಬರಬೇಕು. ಅದೇ ಕಾಯ್ದೆಯ 4(1)(ಡಿ) ಪ್ರಕಾರ, ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸುವುದು ಸಂಸ್ಥೆಯ ಕರ್ತವ್ಯ. ನಿಮ್ಮ ಮಗಳು ಬಾಧಿತಳು. ಅರ್ಜಿಯಲ್ಲಿ ಹಾಗೆಂದೇ ಬರೆಯಲಿ.

ಎರಡನೇ ಅರ್ಜಿಯ ಉತ್ತರವನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿ. ಖಾಯಂ ಬೋಧಕರು ಇಲ್ಲದಾದ ವರ್ಷ ಯಾವುದು, ಪ್ರವೇಶ ಇಳಿಯತೊಡಗಿದ ವರ್ಷ ಯಾವುದು? ಬೋಧಕರು ಮೊದಲು ಹೋಗಿ, ಪ್ರವೇಶ ಆಮೇಲೆ ಇಳಿದಿದ್ದರೆ, ‘ಬೇಡಿಕೆಯಿಲ್ಲ’ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರ ಸಿಗದು.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ‘ಕೋರ್ಸು ಉಳಿಸಿ’ ಎಂದು ನಿರ್ಣಯ ಮಾಡಿ ಕಳಿಸಿದರೆ ಬೆಲೆ ಇದೆಯೇ?
– ಗ್ರಾಮ ಪಂಚಾಯಿತಿ ಸದಸ್ಯರು, ಹನೂರು ತಾಲ್ಲೂಕು

ಉತ್ತರ: ಬರೀ ‘ಉಳಿಸಿ’ ಎಂದು ಬರೆದರೆ ಅದು ಫೈಲಿಗೆ ಸೇರುತ್ತದೆ. ವಿಶ್ವವಿದ್ಯಾಲಯ ನಿಮ್ಮ ನಿರ್ಣಯಕ್ಕೆ ಕಟ್ಟುಬಿದ್ದಿಲ್ಲ. ಆದರೆ ನಿರ್ಣಯದಲ್ಲಿ ಕೆಲಸ ಕೊಡಿ, ಆಗ ನೋಡಿ. ‘ಪ್ರತಿ ಸೆಮಿಸ್ಟರಿಗೆ ಇಷ್ಟು ವಿದ್ಯಾರ್ಥಿಗಳಿಗೆ ನಮ್ಮಲ್ಲಿ ಕ್ಷೇತ್ರಕಾರ್ಯಕ್ಕೆ ಅವಕಾಶ, ಕೂರಲು ಜಾಗ, ಶಿಬಿರಕ್ಕೆ ಸಮುದಾಯ ಭವನ ಕೊಡುತ್ತೇವೆ’ ಎಂದು ಬರೆಯಿರಿ. ಮಾಡಿಸುವ ಕೆಲಸವನ್ನೂ ಪಟ್ಟಿ ಮಾಡಿ: ಸೋಲಿಗರ ಪೋಡುಗಳಲ್ಲಿ ಅರಣ್ಯ ಹಕ್ಕು ಅರ್ಜಿಗಳ ದಾಖಲೆ, ನಿಂತುಹೋದ ಪಿಂಚಣಿಗಳು, ಮಕ್ಕಳ ಗ್ರಾಮಸಭೆ, ಶಾಲೆ ಬಿಟ್ಟ ಹುಡುಗಿಯರು.

ನಿಮ್ಮ ತಾಲ್ಲೂಕಿಗೆ ಈ ಕೆಲಸದವರು ಯಾಕೆ ಬೇಕು ಎಂದು ನಾನು ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರ್ 14ರಂದು ಸುಳ್ವಾಡಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ವಿಷ ಬೆರೆತು 17 ಜನ ಹೋದರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ವೆಂಟಿಲೇಟರು, ಆಂಬುಲೆನ್ಸು, ಪರಿಹಾರದ ಚೆಕ್ಕು ಇವೆಲ್ಲ ಸುದ್ದಿಯಾದವು. ಮನೆಗೆ ಮರಳಿದವರ ನಿದ್ದೆಗೇಡು, ಮಕ್ಕಳ ಭಯ, ಊರೊಳಗಿನ ಗುಮಾನಿ ಇವಕ್ಕೆ ವರ್ಷಗಟ್ಟಲೆ ಮನೆಮನೆ ತಿರುಗುವ ಜನ ಬೇಕು. 2024ರ ಏಪ್ರಿಲ್ 26ರಂದು ಮಾದಪ್ಪನ ಬೆಟ್ಟದ ಮಗ್ಗುಲಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು, 29ಕ್ಕೆ ಮರುಮತದಾನ. ರಸ್ತೆ, ನೀರು ಎಂದು ಜನ ಕೇಳುತ್ತ ಬಂದದ್ದು ಎಷ್ಟು ವರ್ಷದಿಂದ! ಅದನ್ನು ಹೊತ್ತಿಗೆ ಸರಿಯಾಗಿ ಕೇಳಿಸಿಕೊಂಡು, ಬರೆದು, ಸರಿಯಾದ ಮೇಜಿಗೆ ಮುಟ್ಟಿಸುವುದೂ ಒಂದು ವಿದ್ಯೆ. ಈ ಎರಡು ಸಂಗತಿಗಳನ್ನು ನಿರ್ಣಯದಲ್ಲಿ ಹೆಸರಿಸಿ. ಪ್ರತಿಯನ್ನು ಕುಲಪತಿಗಳಿಗೂ ಕುಲಾಧಿಪತಿಗಳಾದ ರಾಜ್ಯಪಾಲರ ಕಚೇರಿಗೂ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಬಿಎಸ್‌ಡಬ್ಲ್ಯು ಕೊನೆಯ ವರ್ಷದ ವಿದ್ಯಾರ್ಥಿ. ನಿಜ ಹೇಳಬೇಕೆಂದರೆ ಮುಚ್ಚಿದರೆ ತಪ್ಪೇನು? ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ದುಡಿದವರು ಡಾಕ್ಟರು. ಎಂಎಸ್‌ಡಬ್ಲ್ಯು ಮಾಡಿದವರು ಕೆಲಸವಿಲ್ಲದೆ ಕೂತಿದ್ದಾರೆ.
– ವಿದ್ಯಾರ್ಥಿ, ಯಳಂದೂರು

ಉತ್ತರ: ಸಿಟ್ಟು ನ್ಯಾಯವಾದದ್ದೇ. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ಸಮಾಜಕಾರ್ಯದ ಪದವಿ ಹಿಡಿದಲ್ಲ. ಆದರೆ ಅಂಥವರನ್ನು ಕಾಯುತ್ತ ಕೂತರೆ ಪ್ರತಿ ತಾಲ್ಲೂಕಿಗೂ ಒಬ್ಬರು ಸಿಗುವರೇ? ಪದವಿ ಇರುವುದು ಅಸಾಮಾನ್ಯರಿಗಲ್ಲ, ಸಂಬಳಕ್ಕೆ ದುಡಿದೂ ಚೆನ್ನಾಗಿ ದುಡಿಯುವ ಸಾಮಾನ್ಯರಿಗೆ. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತಲ್ಲ, ಅದರ ಹಿಂದೆ ನಕ್ಷೆ, ಸಭೆ, ಸಾಕ್ಷ್ಯ ಎಂದು ಎಷ್ಟು ಕಾಗದದ ದುಡಿಮೆ ಇತ್ತು ಎಂದು ಊರಿನ ಹಿರಿಯರನ್ನು ಕೇಳಿ ನೋಡಿ.

ಕೆಲಸದ ಮಾತಿಗೆ ಬರೋಣ. 1936ರಲ್ಲಿ ಮುಂಬೈಯ ಟಾಟಾ ಶಾಲೆಯಿಂದ ಶುರುವಾದ ಈ ಶಿಕ್ಷಣಕ್ಕೆ, ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆ, ಒಂದು ಶಾಸನಬದ್ಧ ಮಂಡಳಿ ಇಂದಿಗೂ ಇಲ್ಲ. ಪರಿಣಾಮ ನೋಡಿ: ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಇಬ್ಬರು ‘ಸಮಾಜ ಕಾರ್ಯಕರ್ತರು’ ಇರಲೇಬೇಕು, ಅರ್ಹತೆಯಾಗಿ ಹೆಸರಿಸಿದ ಪದವಿಗಳಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಕಾನೂನು ಇವೆ, ಸಮಾಜಕಾರ್ಯವೇ ಇಲ್ಲ! ಇದು ಕೋರ್ಸಿನ ದೋಷವಲ್ಲ, ಕಾನೂನು ಬರೆದವರ ಮರೆವು. ಹಾಗಿದ್ದೂ ಬಾಗಿಲುಗಳಿವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯನ್ನೂ ಅದರ ಮೇಲೆ ವಿಶೇಷ ತರಬೇತಿಯನ್ನೂ ಕೇಳುತ್ತದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿಗೆ ಬೇಕಿದ್ದ ಕಲ್ಯಾಣಾಧಿಕಾರಿ, 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲಿ 250 ಜನರಿದ್ದಲ್ಲೇ ಬೇಕು. ನಂಜನಗೂಡಿನ ಕೈಗಾರಿಕಾ ಪ್ರದೇಶ ನಿಮಗೇನೂ ದೂರವಲ್ಲ. ಸರ್ಕಾರಿ ಸೀಟು ಮುಚ್ಚಿದರೆ ಆ ಹುದ್ದೆಗಳು ಮಾಯವಾಗುವುದಿಲ್ಲ, ಫೀಸು ಕಟ್ಟಬಲ್ಲವರ ಮಕ್ಕಳಿಗೆ ಹೋಗುತ್ತವೆ.

ಪ್ರಶ್ನೆ: ಅತಿಥಿ ಉಪನ್ಯಾಸಕ ನಾನು. ವಿದ್ಯಾರ್ಥಿಗಳು ಧರಣಿ ಕೂರುತ್ತೇವೆ ಎನ್ನುತ್ತಿದ್ದಾರೆ. ಕೂರಿಸಲೇ?
– ಹೆಸರು ಬೇಡ, ಕೊಳ್ಳೇಗಾಲ

ಉತ್ತರ: ಪರೀಕ್ಷೆ ಹತ್ತಿರವಿರುವಾಗ ಬೇಡ, ನೀವು ಮುಂದೆ ನಿಂತಂತೆ ಕಾಣುವುದಂತೂ ಬೇಡವೇ ಬೇಡ, ಮುಂದಿನ ಸಲದ ನೇಮಕ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಬೇಕಲ್ಲ. ಗದ್ದಲದಿಂದ ಏನೂ ಆಗದು ಎಂದಲ್ಲ. 2024ರ ಜೂನ್ ಕೊನೆಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನೂರಕ್ಕೂ ಹೆಚ್ಚು ಗುತ್ತಿಗೆ ಸಿಬ್ಬಂದಿಗೆ ಕೊಟ್ಟ ನೋಟಿಸನ್ನು ಎರಡೇ ದಿನದಲ್ಲಿ ಹಿಂಪಡೆಯಿತು. ಆದರೆ ಅಲ್ಲಿ ಕೂಗಿನ ಜೊತೆಗೆ ಟಾಟಾ ಟ್ರಸ್ಟಿನ ಹಣದ ಭರವಸೆಯೂ ಬಂದಿತ್ತು. ನಿಮ್ಮಲ್ಲಿ ಹಣ ತರುವವರಿಲ್ಲ, ಆದ್ದರಿಂದ ಲೆಕ್ಕ ತನ್ನಿ.

ನಿಮ್ಮ ವಿಭಾಗದಲ್ಲಿ ಓದಿದವರು ಈಗ ಎಲ್ಲಿದ್ದಾರೆ, ಆಸ್ಪತ್ರೆಯಲ್ಲೋ ಮಕ್ಕಳ ರಕ್ಷಣಾ ಘಟಕದಲ್ಲೋ ಕಾರ್ಖಾನೆಯಲ್ಲೋ, ಅಥವಾ ಮನೆಯಲ್ಲೋ, ಪಟ್ಟಿ ಮಾಡಿ. ಮನೆಯಲ್ಲಿದ್ದವರನ್ನು ಬಿಡಬೇಡಿ, ಬಿಟ್ಟ ಪಟ್ಟಿಯನ್ನು ಸಿಂಡಿಕೇಟಿನ ಮೊದಲ ಪ್ರಶ್ನೆಯೇ ಬೀಳಿಸುತ್ತದೆ. ಮುಚ್ಚುವ ಬದಲು ಸೀಟು ಇಳಿಸಿ ಎಂದು ಕೇಳಿ. 40ರ ಬದಲು 20 ಎಂದರೆ ಸೋಲೊಪ್ಪಿದಂತೆ ಕೆಲವರಿಗೆ ಕಾಣಬಹುದು. ಆದರೆ ವಿದ್ಯಾರ್ಥಿಗಳು ಕಡಿಮೆಯಿದ್ದಷ್ಟೂ ಕ್ಷೇತ್ರಕಾರ್ಯವನ್ನು ಸರಿಯಾಗಿ ನೋಡಿಕೊಳ್ಳಬಹುದು. ಪಕ್ಕದ ಸಮಾಜಶಾಸ್ತ್ರ ವಿಭಾಗದೊಂದಿಗೆ ಕೆಲವು ಪತ್ರಿಕೆಗಳನ್ನು ಹಂಚಿಕೊಳ್ಳಲೂ ಒಪ್ಪಿ. ಆದರೆ ಒಬ್ಬ ಖಾಯಂ ಬೋಧಕರ ಬೇಡಿಕೆಯಿಂದ ಮಾತ್ರ ಹಿಂದೆ ಸರಿಯಬೇಡಿ. ಇವನ್ನೆಲ್ಲ ಅಧ್ಯಯನ ಮಂಡಳಿಯ ಸಭೆಗೆ ಮೊದಲೇ ಕೊಡಿ. ಸಿಂಡಿಕೇಟಿಗೆ ಹೋದ ಮೇಲೆ ಓದುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಪ್ರಶ್ನೆ: ಮಗಳನ್ನು ಮೈಸೂರಿಗೆ ಕಳಿಸಬೇಕಾಗಿ ಬಂದರೆ ಶಕ್ತಿ ಯೋಜನೆಯ ಬಸ್ಸಿದೆಯಲ್ಲ, ದಿನಾ ಹೋಗಿ ಬರಲಿ ಎನ್ನುತ್ತಾರೆ ಅವಳ ಅಪ್ಪ.
– ಗೃಹಿಣಿ, ರಾಮಾಪುರ

ಉತ್ತರ: ಟಿಕೆಟ್ಟು ಉಚಿತ, ಹೊತ್ತು ಉಚಿತವಲ್ಲ ತಾಯಿ. ಕ್ಷೇತ್ರಕಾರ್ಯದ ದಿನ ಸಂಜೆ ತಡವಾಗುತ್ತದೆ, ರಾಮಾಪುರದ ಕೊನೆಯ ಬಸ್ಸು ಕಾಯುವುದಿಲ್ಲ. ಹಾಸ್ಟೆಲಿನ ಅರ್ಜಿಯನ್ನೂ ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿಯನ್ನೂ ಪ್ರವೇಶದ ವಾರದಲ್ಲೇ ಹಾಕಿಸಿ.