ತಾರಕಾಸುರ ಬರೋದು ಹನ್ನೊಂದೂವರೆಗೆ

ಹ್ಯಾಂಡ್‌ಬಿಲ್ಲಿನಲ್ಲಿ ‘ರಾತ್ರಿ 9-00 ಗಂಟೆಗೆ ಸರಿಯಾಗಿ’ ಅಂತ ಅಚ್ಚಾಗಿತ್ತು. ಎಂಟೂಮುಕ್ಕಾಲಿಗೇ ಹೋಗಿ ಕೂತ ನಮ್ಮನ್ನು ಕಂಡು, ಅಟ್ಟಕ್ಕೆ ಹಲಗೆ ಜೋಡಿಸುತ್ತಿದ್ದ ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಮೈಕ್‌ಸೆಟ್ಟಿನವನು ಇನ್ನೂ ವೈರು ಬಿಚ್ಚಿರಲಿಲ್ಲ.

ಇಟ್ಟಿಗಿ ಹೂವಿನಹಡಗಲಿ ತಾಲ್ಲೂಕಿನ ಹೋಬಳಿ ಊರು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿನ ಸೋದರತ್ತೆಯ ಮನೆಗೆ ಹೋಗಿದ್ದೆವು. ಹಂಪಿ ಆಗಿತ್ತು, ತುಂಗಭದ್ರಾ ಡ್ಯಾಮೂ ಆಗಿತ್ತು. ಹತ್ತಿರದ ಹಳ್ಳಿಯ ಜಾತ್ರೆಯಲ್ಲಿ ‘ಗಿರಿಜಾ ಕಲ್ಯಾಣ’ ಬಯಲಾಟ ಅಂತ ಗೊತ್ತಾದಾಗ, ರಜೆಯ ಪಟ್ಟಿಗೆ ಅದನ್ನೂ ಸೇರಿಸಿದೆವು. ಮಾವ ಮೊದಲೇ ಹೇಳಿದ್ದರು: “ಒಂಬತ್ತಂದ್ರ ಅವ್ರು ಉಣ್ಣಾಕ ಕುಂದ್ರೋ ಹೊತ್ತು. ಹನ್ನೊಂದಕ್ಕ ಹೋಗ್ರಿ. ಹಾಸಾಕ ಏನರ ಒಯ್ರಿ.” ನಾವು ಕೇಳಲಿಲ್ಲ.

ಗಣಪತಿ ಪೂಜೆ ಆಗಿ, ಊರ ಹಿರಿಯರ ಸನ್ಮಾನ ಆಗಿ, ತಾರಕಾಸುರ ಪರದೆಯ ಹಿಂದಿನಿಂದ ಅಬ್ಬರಿಸುವಾಗ ಹನ್ನೊಂದೂವರೆ. ಮಕ್ಕಳು ಮಲಗಿಬಿಟ್ಟಿದ್ದರು. ಹನ್ನೆರಡೂವರೆಗೆ ಎತ್ತಿಕೊಂಡು ಹೊರಟೆವು. ಆಟ ನೋಡಿದೆವು ಅಂತ ಬೆಂಗಳೂರಿನಲ್ಲಿ ಹೇಳಿಕೊಂಡೂ ಬಂದೆವು. ನೋಡಿದ್ದು ಬರೀ ರಾಕ್ಷಸನ ಪರಿಚಯ. ಕಾಮದಹನವೂ ಕಾಣಲಿಲ್ಲ, ಕಲ್ಯಾಣವೂ ಕಾಣಲಿಲ್ಲ.

ವಿದ್ವಾಂಸರು ಇದನ್ನು ದೊಡ್ಡಾಟ ಅನ್ನುತ್ತಾರೆ, ಸಣ್ಣಾಟದಿಂದ ಬೇರೆ ಮಾಡಿ ಹೇಳಲು. ಹಡಗಲಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಜನಕ್ಕೆ ಬರೀ ಬಯಲಾಟ, ಇಲ್ಲವೇ ಆಟ. ಕರಾವಳಿಯ ವೃತ್ತಿಮೇಳಗಳ ಯಕ್ಷಗಾನ ನೋಡಿದವರಿಗೆ ಕುಣಿತ ಒರಟು ಅನ್ನಿಸಬಹುದು, ಮಾತು ಸಾವಕಾಶ ಅನ್ನಿಸಬಹುದು. ಆದರೆ ಇಲ್ಲಿ ಬಣ್ಣ ಹಚ್ಚುವವರು ಊರಿನವರೇ. ಸುಗ್ಗಿ ಮುಗಿದ ಮೇಲೆ ಮಾಸ್ತರರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡುತ್ತಾರೆ. ಮಾಸ್ತರರ ಸಂಭಾವನೆ, ಕಿರೀಟ ಭುಜಕೀರ್ತಿಯ ಬಾಡಿಗೆ, ಮೈಕ್‌ಸೆಟ್ಟು, ಎಲ್ಲಕ್ಕೂ ಪಾತ್ರಧಾರಿಗಳು ತಾವೇ ಪಟ್ಟಿ ಹಾಕಿಕೊಳ್ಳುತ್ತಾರೆ. ನೋಡುವವರಿಗೆ ಟಿಕೆಟ್ಟಿಲ್ಲ, ಆಡುವವರೇ ದುಡ್ಡು ಕೊಡುತ್ತಾರೆ. ರಜೆಯ ಗಿರಾಕಿಯಾಗಿ ಹೋದ ನಮಗೆ ಈ ಲೆಕ್ಕ ತಿಳಿಯಲು ಇನ್ನೊಂದು ವರ್ಷ ಬೇಕಾಯಿತು.

ಜರ್ಮನಿಯ ಓಬರ್‌ಅಮ್ಮರ್‌ಗಾವ್ ಎಂಬ ಹಳ್ಳಿಯಲ್ಲೂ ಆಡುವವರು ಊರಿನವರೇ. 1633ರ ಪ್ಲೇಗಿನಲ್ಲಿ ಹರಕೆ ಹೊತ್ತ ಊರವರು 1634ರಿಂದ ಏಸುವಿನ ಕಡೆಯ ದಿನಗಳ ನಾಟಕ ಆಡುತ್ತ ಬಂದಿದ್ದಾರೆ, ಈಗ ಹತ್ತು ವರ್ಷಕ್ಕೊಮ್ಮೆ. ಅಲ್ಲೇ ಹುಟ್ಟಿದವರಿಗೆ, ಇಲ್ಲವೇ 20 ವರ್ಷ ನೆಲೆಸಿದವರಿಗೆ ಮಾತ್ರ ಪಾತ್ರ. ಪ್ಲೇಗಿನ ಹರಕೆಯ ಆ ನಾಟಕ 2020ರಲ್ಲಿ ಕೊರೊನಾದಿಂದಾಗಿ ನಿಂತು 2022ಕ್ಕೆ ಹೋಯಿತು. ಅಲ್ಲಿಗೆ ಪ್ರವಾಸಿಗಳು ವರ್ಷ ಮೊದಲೇ ಟಿಕೆಟ್ಟು ಕಾದಿರಿಸುತ್ತಾರೆ. ನಮ್ಮ ಕಡೆ ಒಂದು ಗೋಣಿತಟ್ಟು ಒಯ್ದರೆ ಸಾಕು.

ಎರಡನೇ ವರ್ಷ ಗೋಣಿತಟ್ಟು ಒಯ್ದೆವು. ಮಧ್ಯಾಹ್ನವೇ ಮಕ್ಕಳನ್ನು ಮಲಗಿಸಿ ಎಬ್ಬಿಸಿದ್ದಾಗಿತ್ತು. ಹತ್ತೂವರೆಗೆ ಹೋಗಿ, ಶಾಲೆಯ ಕೋಣೆಯಲ್ಲಿ ನಡೆದಿದ್ದ ಬಣ್ಣದ ಕೆಲಸ ನೋಡಲು ಒಳಗೆ ಇಣುಕಿದೆ. ತಾರಕಾಸುರ ಗೋಡೆಗೊರಗಿ, ಮೀಸೆಗೆ ತಾಗದ ಹಾಗೆ ಬಸಿಯಲ್ಲಿ ಚಾ ಹೀರುತ್ತಿದ್ದ. ಕಟ್ಟಿಗೆಯ ಭುಜಕೀರ್ತಿ ಹೆಗಲು ಒತ್ತದಿರಲೆಂದು ಒಬ್ಬ ಹಳೇ ಪಂಚೆ ಮಡಿಸಿ ಕೆಳಗೆ ಇಡುತ್ತಿದ್ದ. ಕನ್ನಡಿ ಚೂರು ಕೂರಿಸಿದ ಕಿರೀಟವೊಂದು ಬೆಂಚಿನ ಮೇಲಿತ್ತು. ಫೋಟೊಗೆ ಚೆಂದವೆಂದು ಅದನ್ನೆತ್ತಿ ಮಗನ ತಲೆಗೆ ಇಟ್ಟೆ. ಮಾಸ್ತರರು ಎದ್ದು ಬಂದರು. ಬೈಯಲಿಲ್ಲ. ಕಿರೀಟ ತೆಗೆದು, ಕಣ್ಣಿಗೊತ್ತಿಕೊಂಡು, ಇದ್ದಲ್ಲೇ ಇಟ್ಟರು. ಆಗ ಕಂಡಿತು, ಅದರ ಮುಂದೆ ಒಡೆದ ತೆಂಗಿನಕಾಯಿ, ಊದುಬತ್ತಿ. ಪೂಜೆ ಆಗಿತ್ತು ಅದಕ್ಕೆ.

ಆಟದ ನಡುವೆ ನಮಗೆ ತೀರ ಕಿರಿಕಿರಿ ಎನಿಸಿದ್ದು ಆಹೇರಿ. ಮನ್ಮಥ ಬಾಣ ಹೂಡಿ ನಿಂತಿರುತ್ತಾನೆ, ಅಷ್ಟರಲ್ಲಿ ಮೈಕಿನಲ್ಲಿ ಇಂಥವರಿಂದ ಪಾತ್ರಧಾರಿಗೆ ಟವೆಲು, 101 ರೂಪಾಯಿ ಎಂಬ ಘೋಷಣೆ. ಬಾಣ ಕೆಳಗಿಳಿಸಿ ಮನ್ಮಥ ಕೈಮುಗಿಯುತ್ತಾನೆ, ಮತ್ತೆ ಹೂಡುತ್ತಾನೆ. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ 51 ರೂಪಾಯಿ ಕಳಿಸಿದಳು, ನಾರದನ ಪಾತ್ರದವನಿಗೆ. ಹೆಸರು ತನ್ನದಲ್ಲ, ತೀರಿಕೊಂಡ ಗಂಡನದು. ಹಿಂದೆ ಆ ಪಾತ್ರ ಆತನೇ ಮಾಡುತ್ತಿದ್ದನಂತೆ. ಆಮೇಲೆ ನಾನೂ 101 ಕೊಟ್ಟೆ. “ಬೆಂಗಳೂರಿನಿಂದ ಆಗಮಿಸಿರುವ ಇಟ್ಟಿಗಿಯ ಅಳಿಯಂದಿರು” ಎಂದು ಕೂಗಿದಾಗ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಈ ಸೀಮೆಯಲ್ಲಿ ದೇವರು ರಂಗಕ್ಕೆ ಬರುವುದು ಬಯಲಾಟದಲ್ಲಷ್ಟೇ ಅಲ್ಲ. ಇದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಲಕ್ಷಗಟ್ಟಲೆ ಜನ ಒಮ್ಮೆಗೇ ಸ್ತಬ್ಧ. ಒಂದೇ ಸಾಲಿನ ಕಾರ್ಣಿಕವನ್ನು, ಅಂದರೆ ಭವಿಷ್ಯವಾಣಿಯನ್ನು, ನುಡಿದು ಹಿಂದಕ್ಕೆ ಬೀಳುವ ಅವನನ್ನು ಕೆಳಗಿದ್ದ ಗೊರವರು ಹಿಡಿಯುತ್ತಾರೆ. ಮುಂದೆ ಒಂದು ವಾರ ಅದರ ಅರ್ಥ ಹೇಳುವುದು ಎಲ್ಲ ಪಕ್ಷದವರ ಕೆಲಸ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಗುರು ಕಾಳವ್ವ ಜೋಗತಿಯಿಂದ ಕಲಿತ ಎಲ್ಲಮ್ಮನ ಕಥೆಯನ್ನು, ಕೊಡ ತಲೆಯ ಮೇಲಿಟ್ಟು ಕುಣಿಯುವ ಜೋಗತಿ ನೃತ್ಯವನ್ನು ಊರೂರಿಗೆ ಒಯ್ದವರು. 2021ರಲ್ಲಿ ಪದ್ಮಶ್ರೀ ಬಂತು. ದೇವರ ಆಟದ ಆಚೆಗೆ, ಹಡಗಲಿಯಲ್ಲಿ ರಾಜಕಾರಣಿ ಎಂ.ಪಿ. ಪ್ರಕಾಶ್ ಕಟ್ಟಿದ ರಂಗಭಾರತಿ ಆಧುನಿಕ ನಾಟಕದ ಗಾಳಿ ತಂದಿತು. ಇನ್ನು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠದ್ದೇ ನಾಟಕ ತಂಡವಿದೆ, ಶಿವಸಂಚಾರ. 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿ ರಾಜ್ಯ ತಿರುಗುತ್ತದೆ. ಗಡಿಯಾರ ನೋಡುವ ಪ್ರೇಕ್ಷಕರಿಗೆ ನವೆಂಬರಿನ ಅಲ್ಲಿಯ ನಾಟಕೋತ್ಸವ ಸರಿ ಹೊಂದುತ್ತದೆ.

ಕಾಮದಹನ ಆದಾಗ ಬೆಳಗಿನ ಮೂರು. ಅಟ್ಟದ ಮೂಲೆಯಲ್ಲಿ ಪಂಜು ಹಿಡಿದಿದ್ದವನು ಮುಷ್ಟಿ ರಾಳದ ಪುಡಿ ಎಸೆದ. ಬುಸ್ಸೆಂದು ಎದ್ದ ಉರಿ ಶಿವನ ಹಣೆಯ ಹತ್ತಿರಕ್ಕೇ ಬಂತು. ರಾಳದ ವಾಸನೆ ನಮ್ಮ ಗೋಣಿತಟ್ಟಿನವರೆಗೆ. ನಿದ್ದೆ ತೂಗುತ್ತಿದ್ದ ಮಗಳು ಎದ್ದು ಕೂತವಳು ಮತ್ತೆ ಮಲಗಲಿಲ್ಲ.

ತಾರೆ ಮಾಸುವ ಹೊತ್ತಿಗೆ ಕಲ್ಯಾಣ. ಯಾರೋ ಎಲ್ಲರ ಕೈಗೂ ಅಕ್ಷತೆ ಹಂಚಿದರು. ಹೆಂಗಸರು ಸಾಲಾಗಿ ಹೋಗಿ ಗಿರಿಜೆಗೆ ಮುಯ್ಯಿ ಮಾಡಿದರು: ಕುಪ್ಪಸದ ಕಣ, ಹತ್ತಿಪ್ಪತ್ತು ರೂಪಾಯಿ. ಗಿರಿಜೆ ಊರಿನ ಹುಡುಗನೇ, ಎಲ್ಲರಿಗೂ ಗೊತ್ತು. ಆದರೂ ಅವನ ಕಾಲು ಮುಟ್ಟಿ ನಮಸ್ಕರಿಸಿದವರಲ್ಲಿ ಅತ್ತೆಯೂ ಇದ್ದರು. ಅವರ ಹಿಂದೆ ನಿಂತು ನಾನು ಅಕ್ಷತೆ ಎಸೆದೆ. ಫೋನು ಜೇಬಿನಲ್ಲೇ ಇತ್ತು.

ಮಂಗಳ ಹಾಡಿ ಮುಗಿದ ಮೇಲೆ ಶಾಲೆಯ ನಲ್ಲಿಯ ಹತ್ತಿರ ತಾರಕಾಸುರ ಕೊಬ್ಬರಿ ಎಣ್ಣೆ ತಿಕ್ಕಿ ಬಣ್ಣ ತೆಗೆಯುತ್ತಿದ್ದ. ಮಾತಾಡಿಸೋಣವೆಂದು ಹೋದರೆ ಅವನಿಗೆ ಅವಸರ. “ಆರಕ್ಕ ತ್ರೀ ಫೇಸ್ ಕರೆಂಟ್ ಕೊಡ್ತಾರ ಸರ, ಮೋಟ್ರು ಹಚ್ಚಬೇಕು,” ಅಂದವನೇ ಬೈಕ್ ಹತ್ತಿದ. ಕಿವಿಯ ಹಿಂದೆ ಕೆಂಪು ಬಣ್ಣ ಹಾಗೇ ಉಳಿದಿತ್ತು.